ತಲೆಯ ಮೇಲೆ ಕೈ ಹೊತ್ತು ಕುಳಿತ ಹನ್ನೆರಡು ದಿನ

ಎರಡು ವರ್ಷದ ಹಿಂದಿನ ಬೇಸಿಗೆ. ಮದುವೆಗಳ ಸುಗ್ಗಿ. ಯಲಬುರ್ಗಾದ ನಮ್ಮ ಮನೆಯ ಪಡಸಾಲೆಯಲ್ಲೇ ನನ್ನ ಹೊಲಿಗೆ ಯಂತ್ರ. ಇಪ್ಪತ್ತು ವರ್ಷದಿಂದ ಅಲ್ಲಿ ಕುಳಿತು ಕುಪ್ಪಸ ಹೊಲಿಯುತ್ತಿದ್ದೇನೆ. ಆ ತಿಂಗಳು ಎರಡು ಮದುವೆ ಮನೆಗಳ ಬಟ್ಟೆ ಒಟ್ಟಿಗೆ ಬಂದಿದ್ದವು. ಬೆಳಿಗ್ಗೆಯಿಂದ ಸಂಜೆಯ ತನಕ ಕತ್ತು ಬಗ್ಗಿಸಿ ಹೊಲಿದದ್ದೇ ಹೊಲಿದದ್ದು.

ಒಂದು ಬೆಳಿಗ್ಗೆ ಎದ್ದರೆ ಕತ್ತು ಬಲಕ್ಕೆ ತಿರುಗಲೇ ಇಲ್ಲ. ದಿಂಬು ಹೆಚ್ಚು ಕಡಿಮೆಯಾಗಿರಬೇಕು ಎಂದುಕೊಂಡು ಎಣ್ಣೆ ತಿಕ್ಕಿ ಸುಮ್ಮನಾದೆ. ಮಧ್ಯಾಹ್ನದ ಹೊತ್ತಿಗೆ ನೋವು ಹೆಗಲಿಗಿಳಿಯಿತು. ಅಲ್ಲಿಂದ ರಟ್ಟೆಯೊಳಗೆ ಕಾದ ತಂತಿ ಎಳೆದಂತೆ ಹರಿದು ಹೆಬ್ಬೆರಳಿನಲ್ಲಿ ನಿಂತಿತು. ಹೆಬ್ಬೆರಳು, ತೋರುಬೆರಳು ಎರಡೂ ಜೋಮು ಹಿಡಿದವು. ಸೂಜಿ ಹಿಡಿದರೆ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಆಗ ನಿಜವಾಗಿ ಹೆದರಿಕೆಯಾಯಿತು. ಈ ಎರಡು ಬೆರಳು ಹೋದರೆ ನನಗೆ ಬೇರೆ ಯಾವ ಕೆಲಸ ಬರುತ್ತದೆ?

ತಾಲೂಕು ಆಸ್ಪತ್ರೆಯ ಡಾಕ್ಟರು ವಯಸ್ಸಿನಲ್ಲಿ ಸಣ್ಣ ಹೆಣ್ಣುಮಗಳು. ಕತ್ತು, ಕೈ ಎಲ್ಲ ಹಿಡಿದು ನೋಡಿ, "ನರದ ಮ್ಯಾಲೆ ಒತ್ತಡ ಬಿದ್ದಂಗ ಕಾಣ್ತೈತಿ. ನರದ ಡಾಕ್ಟ್ರಿಗೆ ತೋರಸ್ರಿ. ಅವರು ಕೊಪ್ಪಳಕ್ಕ ತಿಂಗಳಿಗೆ ಎರಡ ಸಲ ಬರ್ತಾರ, ಮುಂದಿನ ಸರತಿ ಹನ್ನೆರಡು ದಿನಕ್ಕ" ಎಂದು ಚೀಟಿ ಬರೆದುಕೊಟ್ಟರು. ಗುಳಿಗೆ ಕೊಟ್ಟು ಮತ್ತೊಂದು ಮಾತು ಹೇಳಿದರು. "ಕೈಯಾಗಿನ ಶಕ್ತಿ ಕಮ್ಮಿ ಆದ್ರ, ಕಾಲು ತೊಡರಿದ್ರ, ಒಂದಕ್ಕ ಹೋಗಾಕ ತ್ರಾಸ ಆದ್ರ ಹನ್ನೆರಡು ದಿನ ಕಾಯಬ್ಯಾಡ್ರಿ, ಅವಾಗಿಂದವಾಗ ಬರ್ರಿ. ಕತ್ತು ತಿರುಗಸೋರ ಕಡೆ ಮಾತ್ರ ಹೋಗಬ್ಯಾಡ್ರಿ."

ಹನ್ನೆರಡು ದಿನ ಎಂದರೆ ಎಷ್ಟು ದೊಡ್ಡದು ಎಂದು ಆಗ ತಿಳಿದಿರಲಿಲ್ಲ. ಮಲಗಿದರೆ ನೋವು, ಕುಳಿತರೆ ನೋವು. ಮರುದಿನ ಮಧ್ಯಾಹ್ನ ಬೇಸತ್ತು ಬಲಗೈ ಎತ್ತಿ ನೆತ್ತಿಯ ಮೇಲೆ ಇಟ್ಟುಕೊಂಡೆ. ನಲ್ಲಿ ತಿರುವಿದಂತೆ ನೋವು ಕಡಿಮೆಯಾಯಿತು. ಕೈ ಇಳಿಸಿದೆ, ಮತ್ತೆ ಬಂತು. ಏರಿಸಿದೆ, ಹೋಯಿತು. ಅವತ್ತಿನಿಂದ ನನ್ನ ಬಲಗೈ ತಲೆಯ ಮೇಲೆಯೇ ಉಳಿಯಿತು.

ನಮ್ಮ ಕಡೆ ಹೆಣ್ಣುಮಗಳೊಬ್ಬಳು ತಲೆಯ ಮೇಲೆ ಕೈ ಹೊತ್ತು ಕುಳಿತರೆ ಅದಕ್ಕೆ ಒಂದೇ ಅರ್ಥ, ಮನೆಯಲ್ಲಿ ಸಾವಾಗಿದೆ. ಪಕ್ಕದ ಮನೆಯ ಖೈರೂನಬಿ ಮೊದಲ ದಿನವೇ ಹೇಳಿದಳು, "ಗಿರಿಜಕ್ಕ, ಕೈ ಇಳಸ ಬೇ. ನೋಡಿದೋರು ಏನ ಅಂದಾರು." ನನಗೆ ನೋಡಿದವರ ಚಿಂತೆ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಗಾಳಿಗೆಂದು ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತೆ. ಕೈ ಮೇಲೆತ್ತಿದಾಗಲೆಲ್ಲ ಬಳೆ ಮೊಳಕೈಗೆ ಜಾರಿ ಕೂದಲಿಗೆ ಸಿಕ್ಕಿಕೊಳ್ಳುತ್ತಿದ್ದವು, ಹಾಗಾಗಿ ಬಲಗೈಯ ಬಳೆ ತೆಗೆದಿಟ್ಟಿದ್ದೆ. ನೋವಿಗೆ ಕಣ್ಣಲ್ಲಿ ನೀರು. ಖೈರೂನಬಿ ಮತ್ತು ಓಣಿಯ ಇನ್ನಿಬ್ಬರು ಹೆಂಗಸರು ಸುತ್ತ ಕುಳಿತು ಬೆನ್ನು ಸವರುತ್ತಿದ್ದರು. ಅದೇ ಹೊತ್ತಿಗೆ ಓಣಿಯಲ್ಲಿ ಒಂದು ಆಟೋ ಹಾದುಹೋಯಿತು. ಅದರಲ್ಲಿ ನಮ್ಮ ತವರೂರು ಸಿದ್ದಾಪುರದ ಹೆಂಗಸೊಬ್ಬಳು ಇದ್ದಳು. ಯಾರದೋ ಮನೆಗೆ ಬಂದು ಹೊರಟಿದ್ದಳಂತೆ. ಬಳೆಯಿಲ್ಲದ ಕೈ, ತಲೆಯ ಮೇಲೆ ಹೊತ್ತ ಕೈ, ಅಳುವ ಮುಖ, ಸುತ್ತ ಹೆಂಗಸರು. ಇಷ್ಟನ್ನು ನೋಡಿದ ಆಕೆ ನಮ್ಮ ಅಣ್ಣನಿಗೆ ಫೋನು ಮಾಡಿದಳು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಅಣ್ಣ ನನಗೆ ಫೋನು ಹಚ್ಚಿದ್ದಾನೆ. ನನ್ನ ಫೋನು ಒಳಗೆ ಬಟ್ಟೆಯ ರಾಶಿಯ ಅಡಿಯಲ್ಲಿತ್ತು. ನಮ್ಮ ಮನೆಯವರಿಗೆ ಹಚ್ಚಿದ್ದಾನೆ. ಅವರದು ಪಂಕ್ಚರ್ ಅಂಗಡಿ; ಅವತ್ತು ಟೈರು ತರಲು ಬೈಕಿನಲ್ಲಿ ಕುಷ್ಟಗಿಗೆ ಹೋಗಿದ್ದರು. ಅವರೂ ಎತ್ತಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಓಣಿಯ ತುದಿಯಲ್ಲಿ ಒಂದು ಜೀಪು ನಿಂತಿತು. ಅದರ ಹಿಂದೆಯೇ ಒಂದು ಅಳು ಕೇಳಿಸಿತು. "ಯವ್ವಾ ಗಿರಿಜಾ, ನಿನಗ ಹಿಂಗ ಆಗಬಾರದಿತ್ತವಾ..."

ನೋಡಿದರೆ ನಮ್ಮ ವೈನಿ, ಅಣ್ಣನ ಹೆಂಡತಿ. ಎದೆ ಬಡಿದುಕೊಳ್ಳುತ್ತ ಓಡಿ ಬರುತ್ತಿದ್ದಾರೆ.

ನಾನೂ ವೈನಿಯೂ ಮಾತು ಬಿಟ್ಟು ಆಗ ಮೂರು ವರ್ಷವಾಗಿತ್ತು. ಅವರ ಮಗನ ಮದುವೆಗೆ ಅವರು ಮನೆಗೆ ಬಂದು ಕುಂಕುಮ ಹಚ್ಚಿ ಕರೆಯಲಿಲ್ಲ, ಫೋನಿಗೆ ಒಂದು ಕಾರ್ಡು ಕಳಿಸಿದ್ದರು. ಇರುವ ಒಬ್ಬಳೇ ನಾದಿನಿಯನ್ನು ಊರವರ ಹಾಗೆ ಕರೆದರಲ್ಲ ಎಂದು ನಾನು ಮದುವೆಗೆ ಹೋಗಲಿಲ್ಲ. ಆಮೇಲೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂಥ ವೈನಿ ಬಂದವರೇ ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡರು. ಬಲ ಹೆಗಲಿಗೆ ಅವರ ಗದ್ದ ಒತ್ತಿತು. ನಾನು ನೋವಿಗೆ ಚೀರಿದೆ. ಚೀರಿದ್ದು ದುಃಖಕ್ಕೆ ಎಂದುಕೊಂಡು ಅವರು ಇನ್ನೂ ಬಿಗಿಯಾಗಿ ತಬ್ಬಿದರು. ಹಿಂದೆ ಬಂದ ಅಣ್ಣ ಕೇಳಿದ, "ಯಾವಾಗ ಆತವಾ? ಎಲ್ಲಿ ಅದಾರ ಅವರು?"

"ಕುಷ್ಟಗಿಗೆ ಹೋಗ್ಯಾರ" ಎಂದೆ.

"ಕುಷ್ಟಗಿ ದವಾಖಾನ್ಯಾಗ ಅದಾರೇನು?"

"ದವಾಖಾನಿ ಯಾಕ? ಟೈರ್ ತರಾಕ ಹೋಗ್ಯಾರ."

ಅಣ್ಣ ನನ್ನನ್ನೇ ನೋಡಿದ. ದುಃಖಕ್ಕೆ ನನ್ನ ತಲೆ ಕೆಟ್ಟಿದೆ ಎಂದುಕೊಂಡನಂತೆ. ಅಷ್ಟರಲ್ಲಿ ಹೆಗಲಿಗೆ ಎರಡು ಟೈರು ನೇತುಹಾಕಿಕೊಂಡ ನಮ್ಮ ಮನೆಯವರ ಬೈಕು ಓಣಿಗೆ ತಿರುಗಿತು. ಮನೆಯ ಮುಂದೆ ಮಂದಿ ಸೇರಿದ್ದು ಕಂಡು ಅವರು ಬೈಕು ಅಲ್ಲೇ ಕೆಡವಿ ಓಡಿ ಬಂದರು. "ಏನಾತು? ಗಿರಿಜಾಗೇನಾತು?"

ಅಣ್ಣ ಕಟ್ಟೆಯ ಮೇಲೆ ಕುಸಿದು ಕುಳಿತ. ವೈನಿ ನನ್ನನ್ನು ಬಿಟ್ಟು, ನಮ್ಮ ಮನೆಯವರನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಮೊದಲು ನಕ್ಕದ್ದು ಖೈರೂನಬಿ. ಆಮೇಲೆ ಅಣ್ಣ ನಕ್ಕ, ನಕ್ಕು ನಕ್ಕು ಅತ್ತ. ವೈನಿ ಮಾತ್ರ ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಚಾ ಇಡ್ತೀನಿ" ಎಂದು ಒಳಗೆ ಹೋದರು.

ಒಳಗೆ ತೊಳೆಯದ ಪಾತ್ರೆ ಗುಡ್ಡೆಯಾಗಿದ್ದವು. ಮಗಳಿಗೆ ಧಾರವಾಡದಲ್ಲಿ ಪರೀಕ್ಷೆ ನಡೆಯುತ್ತಿದ್ದುದರಿಂದ ಅವಳಿಗೆ ನೋವಿನ ಸುದ್ದಿ ತಿಳಿಸಿರಲಿಲ್ಲ. ನಮ್ಮ ಮನೆಯವರು ಅಂಗಡಿಯ ಜೊತೆಗೆ ಅಡುಗೆಯನ್ನೂ ಕೈಲಾದಷ್ಟು ನೋಡಿಕೊಂಡಿದ್ದರು. ವೈನಿ ಚಹಾದ ಬಟ್ಟಲು ಹಿಡಿದು ಹೊರಗೆ ಬಂದು ಅಣ್ಣನಿಗೆ ಹೇಳಿದರು, "ಜೀಪ್ ತಗೊಂಡು ನೀವು ಹೋಗ್ರಿ. ಮನ್ಯಾಗ ಸೊಸಿ ಅದಾಳ, ನೋಡ್ಕೋತಾಳ. ನಾ ಇಕಿ ಡಾಕ್ಟ್ರಿಗೆ ತೋರಸೋತನ ಇಲ್ಲೇ ಇರ್ತೀನಿ." ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುವ ಹಟ ನನ್ನಲ್ಲಿ ಇನ್ನೂ ಇತ್ತೇನೋ.

ಮರುದಿನ ವೈನಿ ಖೈರೂನಬಿಯನ್ನು ಕರೆದುಕೊಂಡು ಹೋಗಿ, ಹೊಲಿಯದೆ ಉಳಿದ ಕುಪ್ಪಸಗಳನ್ನು ಊರಿನ ಬೇರೆ ಇಬ್ಬರು ಹೊಲಿಯುವವರಿಗೆ ಕೊಟ್ಟು ಬಂದರು. ಟವೆಲು ಸುರುಳಿ ಸುತ್ತಿ ನನ್ನ ಕತ್ತಿನ ಕೆಳಗಿಟ್ಟರು. ತೋಳಿನ ಅಡಿಗೆ ಎರಡು ದಿಂಬು. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ, ಮೊದಲು ತಮ್ಮ ಮುಂಗೈಗೆ ಮುಟ್ಟಿಸಿ ನೋಡಿ, ಆಮೇಲೆ ನನ್ನ ಹೆಗಲಿಗೆ ಶಾಖ ಕೊಡುತ್ತಿದ್ದರು. ಊಟವಾದ ಮೇಲೆಯೇ ಗುಳಿಗೆ. ಬೆಳಿಗ್ಗೆ ಸಂಜೆ ನನ್ನ ಬಲಗೈಗೆ ತಮ್ಮ ಎರಡು ಬೆರಳು ಕೊಟ್ಟು "ಹಿಂಡು" ಎನ್ನುತ್ತಿದ್ದರು. ಶಕ್ತಿ ಕಡಿಮೆಯಾಗಿದೆಯೇ ಎಂದು ನೋಡುವುದಕ್ಕೆ. ನಾನು ಹಿಂಡಿದರೆ, "ಅಯ್ಯ, ಬಳ್ಳು ಮುರದೀ ಬಿಡ" ಎನ್ನುವರು. ಅದು ಸುಳ್ಳು ಎಂದು ತಿಳಿದಿದ್ದರೂ ನನಗೆ ಧೈರ್ಯ ಬರುತ್ತಿತ್ತು.

ತಲೆ ಬಾಚುವುದು ಕೂಡ ಅವರೇ. ಐದನೆಯ ದಿನ ಬೆಳಿಗ್ಗೆ ಹಿತ್ತಿಲಲ್ಲಿ ನನ್ನ ಹಿಂದೆ ಕುಳಿತು ಬಾಚುತ್ತಿದ್ದರು. ಕತ್ತು ತಿರುಗುತ್ತಿರಲಿಲ್ಲವಾದ್ದರಿಂದ ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಮುಖ ಕಂಡಿದ್ದರೆ ನಾನು ಆ ಮಾತು ಕೇಳುತ್ತಿರಲಿಲ್ಲ.

"ವೈನಿ, ಮದುವಿಗೆ ನೀವು ಯಾಕ ಬಂದು ಕರೀಲಿಲ್ರಿ?"

ಬಾಚಣಿಗೆ ನಿಂತಿತು. "ಇದನ್ನ ಕೇಳಾಕ ಮೂರು ವರ್ಷ ಬೇಕಾತೇನವಾ" ಎಂದರು. ಬಾಚಣಿಗೆ ಪಕ್ಕಕ್ಕಿಟ್ಟು ಹೇಳಿದರು. "ಅವಾಗ ನನಗ ರಕ್ತ ಹೋಗೋದು ನಿಲ್ಲವಲ್ದಾಗಿತ್ತು. ಗಂಗಾವತಿ ಡಾಕ್ಟ್ರು ಗರ್ಭಚೀಲ ತಗೀಬೇಕು, ಬಸ್ನ್ಯಾಗ ಅಡ್ಡಾಡಬ್ಯಾಡ ಅಂದಿದ್ರು. ಮದುವಿ ಮುಂದ ಇಟ್ಕೊಂಡು ಯಾರಿಗೆ ಹೇಳ್ಲಿ? ನಿಮ್ಮಣ್ಣಗೂ ಹೇಳಿರಲಿಲ್ಲ. ಮದುವಿ ಮುಗಿಯೋತನ ತಡಕೊಂಡೆ. ಕಾರ್ಡ್ ಫೋನಿಗೆ ಹಾಕು ಅಂತ ಮಗಗ ನಾನ ಹೇಳಿದ್ದು."

ಮದುವೆಯಾದ ತಿಂಗಳಲ್ಲಿ ಅವರಿಗೆ ಆಪರೇಷನ್ ಆದ ಸುದ್ದಿ ನನಗೂ ಬಂದಿತ್ತು. ಕರೆಯದವರ ಮನೆಗೆ ನಾನೇಕೆ ಹೋಗಲಿ ಎಂದು ಹೋಗಿರಲಿಲ್ಲ. ಒಂದು ಫೋನು ಕೂಡ ಮಾಡಿರಲಿಲ್ಲ.

"ದವಾಖಾನ್ಯಾಗ ಮಕ್ಕೊಂಡು ಬಾಗಲಾ ನೋಡ್ತಿದ್ದೆ" ಎಂದರು ವೈನಿ. "ಇವತ್ತ ಗಿರಿಜಾ ಬಂದಾಳು, ನಾಳೆ ಬಂದಾಳು ಅಂತ."

"ತಪ್ಪಾತ್ರಿ ವೈನಿ" ಎಂದು ಅತ್ತುಬಿಟ್ಟೆ. ಅವರು ಮತ್ತೆ ಬಾಚಲು ಶುರು ಮಾಡಿದರು. "ಅಲ್ಲಾಡಬ್ಯಾಡ, ಜಡಿ ಸೊಟ್ಟ ಆಕ್ಕತಿ" ಎಂದರು.

ಎಂಟನೆಯ ದಿನ ನೋವು ಎಲ್ಲೆ ಮೀರಿತು. ಕೈ ತಲೆಯ ಮೇಲಿಟ್ಟರೂ ಬಿಡಲಿಲ್ಲ. ಬಟ್ಟೆ ಕೇಳಲು ಬಂದ ಒಬ್ಬಾಕೆ, ಹತ್ತಿರದ ಹಳ್ಳಿಯಲ್ಲಿ ಒಬ್ಬ ಕತ್ತು ಹಿಡಿದು ಒಂದೇ ಸಲಕ್ಕೆ ತಿರುಗಿಸುತ್ತಾನೆ, 'ಲಟಕ್' ಎಂದರೆ ನೋವು ಹೋಯಿತು ಎಂದಳು. ಕರೆದುಕೊಂಡು ಹೋಗಿ ಎಂದು ನಾನೇ ಗಂಡನಿಗೆ ಗಂಟುಬಿದ್ದೆ. ನನ್ನ ಒದ್ದಾಟ ನೋಡಲಾಗದೆ ಅವರೂ ಬೈಕು ಹೊರಗೆ ತೆಗೆದರು. ವೈನಿ ಬಾಗಿಲಿಗೆ ಅಡ್ಡ ನಿಂತರು.

"ಡಾಕ್ಟ್ರವ್ವ ಏನ ಹೇಳ್ಯಾಳ? ಕತ್ತು ತಿರುಗಸೋರ ಕಡೆ ಹೋಗಬ್ಯಾಡ ಅಂದಾಳೋ ಇಲ್ಲೋ?"

"ನೋವು ನಂದು. ನಿಮಗೇನ ಗೊತ್ರಿ?" ಎಂದುಬಿಟ್ಟೆ.

ಯಾರಿಗೆ ಯಾವ ಮಾತು ಆಡಿದೆ ಎಂದು ಆಡಿದ ಮೇಲೆ ಹೊಳೆಯಿತು. ವೈನಿ ಬೇಸರ ಮಾಡಿಕೊಳ್ಳಲಿಲ್ಲ. "ಬೈಯಿ, ಬೇಕಾರ ಹೊಡಿ. ಅಲ್ಲಿಗೆ ಮಾತ್ರ ಬಿಡಂಗಿಲ್ಲ. ಬಾ, ಡಾಕ್ಟ್ರವ್ವನ ಕಡೆ ಹೋಗೂಣು" ಎಂದು ಆಟೋ ಕರೆಸಿದರು. ತಾಲೂಕು ಆಸ್ಪತ್ರೆಯಲ್ಲಿ ಡಾಕ್ಟರು ಕೈಯ ಹಿಡಿತ ನೋಡಿ, ಒಂದು ಇಂಜೆಕ್ಷನ್ ಕೊಟ್ಟು, ಗುಳಿಗೆ ಬದಲಿಸಿದರು. "ಶಕ್ತಿ ಹೋಗಿಲ್ರಿ. ಇನ್ನ ನಾಕ ದಿನ ತಡೀರಿ" ಎಂದರು. ಕತ್ತು ತಿರುಗಿಸುವವನ ವಿಷಯ ಕೇಳಿ ವೈನಿಯ ಕಡೆ ನೋಡಿ, "ಛಲೋ ಮಾಡಿದ್ರಿ. ಹಂಗ ತಿರುಗಸಾಕ ಹೋಗಿ ಕೈಕಾಲು ಬಿದ್ದೋರು ಅದಾರ" ಎಂದರು.

ಹನ್ನೆರಡನೆಯ ದಿನ ನಾನು, ವೈನಿ, ನಮ್ಮ ಮನೆಯವರು ಕೊಪ್ಪಳಕ್ಕೆ ಹೋದೆವು. ಆಸ್ಪತ್ರೆಯ ಪಡಸಾಲೆಯಲ್ಲಿ ಸಾಲುಸಾಲು ಮಂದಿ. ತಲೆಯ ಮೇಲೆ ಕೈ ಹೊತ್ತು ಬಂದ ನನ್ನನ್ನು ನೋಡಿ ಎಲ್ಲರೂ ಸರಿದು ಜಾಗ ಬಿಟ್ಟರು. ಪಕ್ಕದಲ್ಲಿದ್ದ ಮುದುಕರೊಬ್ಬರು ಮೆಲ್ಲಗೆ, "ಸಮಾಧಾನ ಮಾಡ್ಕೊ ತಂಗಿ. ನಮ್ಮ ಕೈಯಾಗ ಏನೈತಿ" ಎಂದರು. ವೈನಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತ ತಿರುಗಿದರು. ಅವರು ಅಳುತ್ತಿದ್ದಾರೆಂದು ತಿಳಿದು ಮುದುಕರು ಅವರಿಗೂ ಸಮಾಧಾನ ಹೇಳಿದರು.

ನರದ ಡಾಕ್ಟರು ನಾನು ಒಳಗೆ ಕಾಲಿಡುತ್ತಲೇ ಕೇಳಿದರು, "ಹಿಂಗ ಕೈ ಇಟ್ಕೋರಿ ಅಂತ ಯಾರ ಹೇಳಿದ್ರು ನಿಮಗ?"

"ಯಾರೂ ಹೇಳಿಲ್ರಿ. ಇಟ್ಕೊಂಡ್ರ ಆರಾಮ ಅನಸ್ತೈತ್ರಿ."

"ನೀವು ಬಾಯಿ ಬಿಡೂ ಮೊದಲ ನಿಮ್ಮ ಕೈ ನನಗ ಅರ್ಧ ಹೇಳೈತಿ" ಎಂದು ನಕ್ಕರು. ಕೈ ಮೇಲೆತ್ತಿದಾಗ ಕತ್ತಿನಲ್ಲಿ ಒತ್ತಿಕೊಂಡ ನರ ಸಡಿಲವಾಗುತ್ತದಂತೆ. ಹಾಗಾಗಿ ನೋವು ಹೆಗಲಿನದಲ್ಲ, ಕತ್ತಿನದು. ಸುತ್ತಿಗೆಯಿಂದ ಮೊಳಕೈ, ಮೊಣಕಾಲು ತಟ್ಟಿ ನೋಡಿದರು. ಸ್ಕ್ಯಾನ್ ಮಾಡಿಸಿದರು. ಸಂಜೆ ಅದರ ಚಿತ್ರ ಹಿಡಿದು ತೋರಿಸಿದರು. ಕತ್ತಿನ ಎರಡು ಎಲುಬುಗಳ ನಡುವಿನ ಮೆತ್ತೆ ಒಂದಿಷ್ಟು ಹೊರಗೆ ಜಾರಿ ನರಕ್ಕೆ ತಾಗಿತ್ತು.

"ಆಪರೇಷನ್ ಬ್ಯಾಡ. ಗುಳಿಗಿ, ವ್ಯಾಯಾಮದಾಗ ಕಮ್ಮಿ ಆಕ್ಕತಿ."

"ಬ್ಯಾಡೇನ್ರಿ?" ಎಂದೆ.

"ಬ್ಯಾಡ್ರಿ."

ಮತ್ತೊಮ್ಮೆ ಕೇಳಿದೆ. ಅವರು ಬೇಸರವಿಲ್ಲದೆ ಮತ್ತೊಮ್ಮೆ ಹೇಳಿದರು. ನನ್ನ ಬಾಯಿಗೆ ಬಾರದ ಪ್ರಶ್ನೆಯನ್ನು ವೈನಿ ಕೇಳಿದರು. "ಇಕಿ ಮದಲಿನಂಗ ಹೊಲೀತಾಳೇನ್ರಿ?"

"ಹೊಲೀತಾರ. ಮಷಿನ್ನಿನ ಕೆಳಗ ಎತ್ತರ ಕೊಡ್ರಿ, ಕತ್ತು ಬಗ್ಗಬಾರದು. ಅರ್ಧ ತಾಸಿಗೊಮ್ಮೆ ಏಳಬೇಕು."

ಹನ್ನೆರಡು ದಿನದಿಂದ ಎದೆಯ ಮೇಲೆ ಕುಳಿತಿದ್ದುದು ಎದ್ದು ಹೋಯಿತು. ನೋವು ಇನ್ನೂ ಹಾಗೆಯೇ ಇತ್ತು. ಆದರೂ ಆಸ್ಪತ್ರೆಯ ಮುಂದಿನ ಗಾಡಿಯಲ್ಲಿ ನಾನು ಎರಡು ಪ್ಲೇಟು ಮಿರ್ಚಿ ಭಜಿ ತಿಂದೆ. ಮನೆಯವರು ನೋಡುತ್ತಲೇ ಇದ್ದರು. ಎರಡು ತಿಂಗಳಲ್ಲಿ ನೋವು ಹೋಯಿತು, ಕೊನೆಗೆ ಹೆಬ್ಬೆರಳಿನ ಜೋಮೂ ಬಿಟ್ಟಿತು. ಈಗ ಹೊಲಿಯುತ್ತೇನೆ, ಹೇಳಿದಂತೆ ಎದ್ದು ಅಡ್ಡಾಡುತ್ತೇನೆ.

ಡಾಕ್ಟರು ನೋಡುವುದು ಒಂದು ಗಳಿಗೆ. ಅವರ ತನಕ ಹೋಗಿ ಮುಟ್ಟುವ ದಿನಗಳೇ ಕಠಿಣ. ಆ ದಿನಗಳಲ್ಲಿ ರೋಗಿಗೆ ಔಷಧಿಯಷ್ಟೇ ಜೊತೆಗೆ ಒಬ್ಬರು ಮನುಷ್ಯರೂ ಬೇಕು ಎನ್ನುವುದನ್ನು ನಾನು ಅನುಭವಿಸಿ ಕಲಿತೆ. ವೈನಿ ಅದಕ್ಕೂ ಮೂರು ವರ್ಷ ಮೊದಲು ಅಂಥ ದಿನಗಳನ್ನು ಒಬ್ಬರೇ ಕಳೆದರಲ್ಲ ಎಂಬ ಸಂಕಟ ಮಾತ್ರ ನನ್ನಿಂದ ಹೋಗಿಲ್ಲ, ಹೋಗುವುದೂ ಬೇಡ.

ಈಗ ಖೈರೂನಬಿಯ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ನಿಗೆ ಮುಂದಿನ ತಿಂಗಳ ದಿನ ಕೊಟ್ಟಿದ್ದಾರೆ. ದಿನಾಲು ಸಂಜೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಅವಳ ಮನೆಗೆ ಹೋಗುತ್ತೇನೆ. ಮೊದಲ ದಿನ ಅವಳು ಕೇಳಿದಳು, "ಏನ ಬೇಕಾಗಿತ್ತ ಗಿರಿಜಕ್ಕ?"

"ಏನಿಲ್ಲ. ಸುಮ್ನ ಕುಂದ್ರಾಕ ಬಂದೀನಿ" ಎಂದೆ.

ಅವಳು ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟಳು.