ಜೋಗಿಯ ಎರಡು ಮದ್ದಿನ ಗುಳ್ಳೆ

ಜೋಗಿಯ ಬಾಯಿಂದ ‘ಇಲ್ಲೆ’, ಅಂದರೆ ಇಲ್ಲ, ಎಂಬ ಮಾತು ಹೊರಟದ್ದನ್ನು ಕೇಳಿದವರು ಕಟ್ಟಬೆಟ್ಟಿನ ನಮ್ಮ ಹಟ್ಟಿಯಲ್ಲಿ ಒಬ್ಬರೂ ಸಿಗಲಾರರು. ಆಗಲೇ ಹೊರಟುಹೋದ ಬಸ್ಸಿನ ವಿಚಾರ ಕೇಳಿದರೂ “ಬಂದ್ಬಿಡುತ್ತೆ, ಅಣ್ಣಾ” ಎನ್ನುತ್ತಿದ್ದ. ಒಂದೇ ದಿನ ಮೂರು ಊರಿನ ಮದುವೆಗೆ ಒಪ್ಪಿಕೊಂಡು, ಯಾವುದಕ್ಕೂ ಹೋಗದೆ, ಮೂರು ಮನೆಯವರಿಗೂ ಬೇಕಾದವನಾಗಿ ಉಳಿಯುವ ವಿದ್ಯೆ ಅವನಿಗೆ ಸಿದ್ಧಿಸಿತ್ತು. ಆ ವಿದ್ಯೆಗೆ ಡಾಕ್ಟರೇಟ್ ಕೊಡುವವರಿಲ್ಲದ್ದರಿಂದ ಔಷಧಶಾಸ್ತ್ರದಲ್ಲಿ ಒಂದನ್ನು ಸಂಪಾದಿಸಿ, ಊಟಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ. ನಮ್ಮ ಪಕ್ಕದ ಮನೆಯವನು, ನನಗಿಂತ ಚಿಕ್ಕವನು. ಸಂಜೆ ಮಂಕಿ ಕ್ಯಾಪ್ ಹಾಕಿಕೊಂಡು ಬಂದು ನಮ್ಮ ಒಲೆಯ ಮುಂದೆ ಕೂತರೆ, ಕಾಫಿಗೂ ಬೇಡ ಎನ್ನುತ್ತಿರಲಿಲ್ಲ.

ಅವನ ಸಂಶೋಧನೆ ಕ್ಯಾನ್ಸರ್ ಮದ್ದಿನದು. ನನ್ನ ಹೆಂಡತಿ ಮಾದಿಗೆ ಎದೆಯಲ್ಲಿ ಗಂಟು ಕಂಡು, ಕೊಯಮತ್ತೂರಿನಲ್ಲಿ ಮೊದಲ ಸುತ್ತಿನ ಡ್ರಿಪ್ ಮುಗಿಸಿ, ಕೂದಲೆಲ್ಲ ಉದುರಿ ಮನೆಗೆ ಬಂದಾಗ, ಅವಳ ಮುಂದೆ ಕೂತು ವಿವರಿಸಿದ.

“ಈಗ ಕೊಡೋ ಎರಡು ಮದ್ದು ಮೈಯೆಲ್ಲ ಸುತ್ತಾಡ್ತವೆ, ಅತ್ತಿಗೇ. ಒಂದು ಮುಂಚೆ ಹೋಗುತ್ತೆ, ಇನ್ನೊಂದು ತಡವಾಗಿ. ನಾವು ಮಾಡೋದು ಕೊಬ್ಬಿನ ಗುಳ್ಳೆ. ಕಣ್ಣಿಗೆ ಕಾಣದ ನ್ಯಾನೋ ಕಣ. ಎರಡೂ ಮದ್ದು ಅದರೊಳಗೆ ಜೊತೆಯಾಗಿ ಕೂತು, ನೇರ ಗಂಟಿನ ಹತ್ತಿರ ಇಳೀತವೆ.”

“ಎಂಗ ಹಟ್ಟಿ ಬಸ್ಸಿನಂಗೆ ಸ್ಟಾಪಿಲ್ಲದ ಕಡೆ ಇಳಿಸಿಬಿಟ್ಟರೆ?” ಎಂದಳು ಮಾದಿ.

ಜೋಗಿ ಬಿದ್ದು ಬಿದ್ದು ನಕ್ಕ. ಕಾಯಿಲೆ ಬಂದ ಮೇಲೆ ಮಾದಿ ನಕ್ಕದ್ದೂ ಅಂದೇ ಮೊದಲು.

ಎರಡನೇ ಸುತ್ತಿಗೆ ಹೊರಡುವ ಹೊತ್ತಿಗೆ ಅವಳು ಸುತರಾಂ ಒಪ್ಪಲಿಲ್ಲ. ಜೋಗಿಯ ಮದ್ದು ಬರಲಿ, ಅದನ್ನೇ ತಗೊಳ್ಳುತ್ತೇನೆ ಎಂದು ಕೂತುಬಿಟ್ಟಳು. ನಾನು ಅವನನ್ನು ಅಂಗಳಕ್ಕೆ ಕರೆದು ಕೇಳಿದೆ: “ಜೋಗಿ, ನಿಜ ಹೇಳು. ಇವಳು ಕಾಯಬಹುದಾ?”

“ಆಗುತ್ತೆ, ಅಣ್ಣಾ. ಇನ್ನು ಸ್ವಲ್ಪ ದಿನ.”

ಟೀ ಫ್ಯಾಕ್ಟರಿಯಲ್ಲಿ ಚೀಲದೊಳಗೆ ಕೈ ಹಾಕಿದ ಮಾತ್ರಕ್ಕೆ ಕಾವಿಗೆ ಬೆಂದುಹೋದ ಟೀ ಎಲೆ ಯಾವುದೆಂದು ಹೇಳಿ, ಅಡ್ಡಮಾತಿಲ್ಲದೆ ವಾಪಸು ಕಳಿಸುತ್ತಿದ್ದ ಮಹಾನುಭಾವ ನಾನು. ಈ ಚೀಲವನ್ನು ಕಣ್ಣು ಮುಚ್ಚಿ ಒಪ್ಪಿಕೊಂಡೆ.

ಗಂಟು ಕಂಕುಳಿಗೆ ಹಬ್ಬಿತು. ಮದ್ದಿನ ಸುದ್ದಿಯಿಲ್ಲ. ಒಂದು ಬೆಳಿಗ್ಗೆ ಹೇಳದೆ ಕೇಳದೆ ಅವನ ಕಾಲೇಜಿಗೇ ಹೋದೆ. ಜೋಗಿ ಕಪಾಟಿನಿಂದ ಸಣ್ಣ ಗಾಜಿನ ಸೀಸೆಯೊಂದನ್ನು ತೆಗೆದು ಕೈಗಿತ್ತ. ಮೇಲೆ ನೀರು, ತಳದಲ್ಲಿ ಬಿಳಿ ಗಸಿ.

“ಇಟ್ಟರೆ ಗುಳ್ಳೆಗಳು ಒಂದಕ್ಕೊಂದು ಅಂಟಿಕೊಳ್ತವೆ, ಅಣ್ಣಾ. ರಕ್ತಕ್ಕೆ ಬೆರೆಸಿದರೆ ಒಡೆದುಹೋಗ್ತವೆ. ಇಲಿಗೆ ಕೊಡೋ ಹಂತಕ್ಕೂ ಬರಲಿಲ್ಲ. ನಿಲ್ಲಿಸಿಬಿಟ್ಟೆವು.”

“ಯಾವಾಗ?”

“ಅತ್ತಿಗೆಗೆ ಕಾಯಿಲೆ ಬರೋಕೆ ಮುಂಚೆ.”

“ಮತ್ತೆ ನನ್ನ ಒಲೆ ಮುಂದೆ ಕೂತು ಏನು ಊದಿದೆಯೋ?”

“ಅಷ್ಟು ಆಸೆಯಿಂದ ನೋಡ್ತಿದ್ದರು. ಬಾಯಿ ಬರಲಿಲ್ಲ, ಅಣ್ಣಾ.”

ಸೀಸೆಯನ್ನು ಮೇಜಿನ ಮೇಲಿಟ್ಟು ಬಂದೆ. ಮಾರನೆಯ ದಿನ ಮಾದಿಯನ್ನು ಬಲವಂತವಾಗಿ ಕೊಯಮತ್ತೂರಿಗೆ ಕರೆದೊಯ್ದೆ. ಇಷ್ಟು ದಿನ ಎಲ್ಲಿದ್ದಿರಿ ಎಂದು ಡಾಕ್ಟರು ಕೇಳಿದರು. ಮಾದಿ ಉಳಿಯಲಿಲ್ಲ. ಕೊನೆಯವರೆಗೂ ನಾನು ಅವಳಿಗೆ ನಿಜ ಹೇಳಲಿಲ್ಲ. ಜೋಗಿ ಬಂದರೆ ಕಾಫಿ ಕೊಡಿ ಎನ್ನುತ್ತಲೇ ಹೋದಳು. ಅವನು ಮಾತ್ರ ಬರಲಿಲ್ಲ.

ಕಳೆದ ಮಾಗಿಯಲ್ಲಿ ಜೋಗಿ ಕೋತಗಿರಿ ಬಸ್‌ಸ್ಟ್ಯಾಂಡಿನಲ್ಲಿ ಎದೆನೋವೆಂದು ಕೂತವನು ಏಳಲಿಲ್ಲ. ನಮ್ಮವರಲ್ಲಿ ಹೆಣದ ಪಕ್ಕ ನಿಂತು, ಸತ್ತವನು ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಹೇಳುವ ಪದ್ಧತಿಯುಂಟು. ಹೇಳಿದ ಪಾಪ ತೊಲಗಿತೆಂದು ಅರ್ಥ. ನಮ್ಮ ಹಟ್ಟಿಯಲ್ಲಿ ಅದನ್ನು ಹೇಳುವವನು ನಾನೇ.

ಹಲ್ಲಿ ಕೊಂದದ್ದು, ಎಲ್ಲೆಕಲ್ಲು ಸರಿಸಿದ್ದು, ಹರಿಯುವ ನೀರು ಕೆಡಿಸಿದ್ದು: ಜೋಗಿ ಕನಸಿನಲ್ಲೂ ಮಾಡದ ಘೋರ ಪಾತಕಗಳನ್ನೆಲ್ಲ ಅವನ ಮೇಲೆ ಹೊರಿಸಿ, ಶಾಸ್ತ್ರೋಕ್ತವಾಗಿ ಕಳೆದೆ. ಒಂದೊಂದಕ್ಕೂ ಜನ ದನಿಗೂಡಿಸಿದರು. ಪಟ್ಟಿಯ ಕೊನೆಗೆ ಬಂದಾಗ ಜೋಗಿಯ ಹೆಂಡತಿ ಗೌರಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು.

“ಅಣ್ಣಾ, ಅದನ್ನೂ ಹೇಳಿಬಿಡಿ,” ಎಂದಳು ಮೆಲ್ಲಗೆ.

ಹೇಳಿದರೆ ಹೋಗಿಬಿಡುತ್ತದೆ. ನಾನು ಬಾಯಿ ಮುಚ್ಚಿಕೊಂಡು ಹಿಂದೆ ಸರಿದು, ಹೆಣ ಎತ್ತುವಂತೆ ಕೈಸನ್ನೆ ಮಾಡಿದೆ.