ಭರಮುವಿನ ಬಿದಿರಿನ ಸೈಕಲ್ಲು

ಏಕಸಂಬಿಯ ಭರಮು ಬುಟ್ಟಿ ಹೆಣೆಯುವವನು. ೧೯೮೮ರ ಬೇಸಿಗೆಯ ಮೊದಲಿಗೆ, ದ್ರಾಕ್ಷಿ ತೋಟದವರಿಗೆ ಮಾರುವ ಬುಟ್ಟಿಗಳನ್ನು ಹೇರಿಕೊಂಡು ಕಾಗವಾಡಕ್ಕೆ ಹೊರಟಾಗ ಅವನ ಸೈಕಲ್ಲು ನಡುದಾರಿಯಲ್ಲಿ ಮುರಿದು ಎರಡಾಯಿತು. ಚಕ್ರ, ಚೈನು ಗಟ್ಟಿಯಾಗಿದ್ದವು. ತುಕ್ಕು ತಿಂದ ಫ್ರೇಮು ಮಾತ್ರ ಬೆಸುಗೆಗೂ ನಿಲ್ಲಲಿಲ್ಲ. ಮೂವತ್ತು ವರ್ಷ ಬಿದಿರು ಸೀಳಿದ ಕೈ ಅವನದು. ಫ್ರೇಮನ್ನು ಬಿದಿರಲ್ಲೇ ಕಟ್ಟುತ್ತೇನೆಂದು ಕೂತ.

ಆವತ್ತಿನಿಂದ ಬಿದಿರು ಅವನ ಜೀವ ತಿಂದಿತು. ಮೊದಲನೆಯದನ್ನು ಹಸಿ ಬಿದಿರಿನಲ್ಲಿ ಕಟ್ಟಿದ. ತಿಂಗಳೊಳಗೆ ಅದು ಒಣಗಿ ಸಣ್ಣದಾಗಿ ಜೋಡಣೆಯೆಲ್ಲ ಸಡಿಲವಾಯಿತು. ಎರಡನೆಯದಕ್ಕೆ ಒಣ ಬಿದಿರು ತಂದು ಮೊಳೆ ಹೊಡೆದ. ಸಂತೆಗೆ ಹೋಗುವಾಗ ಉದ್ದಕ್ಕೆ ಸೀಳಿತು. ಮೂರನೆಯದಕ್ಕೆ ಹಗ್ಗ ಬಿಗಿದ; ಪೆಡಲು ತುಳಿದಾಗಲೆಲ್ಲ ಹಗ್ಗ ಜಾರಿ ಚೈನು ಕಳಚುತ್ತಿತ್ತು.

ಕಂಡವರೆಲ್ಲ ಬುದ್ಧಿ ಹೇಳುವವರೇ. ಒಬ್ಬ "ಒಳಗ ಮರಳ ತುಂಬೋ" ಅಂದರೆ, ಇನ್ನೊಬ್ಬ "ಎಣ್ಯಾಗ ಅದ್ದಬೇಕಿತ್ತು" ಅನ್ನುತ್ತಿದ್ದ.

"ಹಂಗಾದ್ರ ನೀವ ಕಟ್ರಿ, ನಾ ನಿಂತ ನೋಡ್ತೀನಿ!" ಎಂದು ಭರಮು ಹಲ್ಲು ಕಡಿಯುತ್ತಿದ್ದ.

ಹೆಂಡತಿ ತಾರವ್ವ ಎರಡು ವರ್ಷ ಇದನ್ನೆಲ್ಲ ನೋಡುತ್ತಲೇ ಬಂದಿದ್ದಳು. ಹಗ್ಗ ಬಿಗಿದ ನಾಲ್ಕನೆಯದೂ ಅಂಗಳದಲ್ಲೇ ಕುಸಿದು, ಅವನು ಕೊಡಲಿ ಎತ್ತಿದಾಗ ಕೈ ಹಿಡಿದಳು.

"ತಡೀರಿ. ಇದನ್ನ ಹೆಂಗ ಸುತ್ತೀರಿ?"

"ಹಗ್ಗ ಸುತ್ತಿದಂಗ ಸುತ್ತೀನಿ. ಇನ್ನೇನ ಜರತಾರಿ ಸುತ್ಲೇನು?"

"ಸುತ್ತೆಲ್ಲಾ ಒಂದ ದಿಕ್ಕಿಗೆ ಬಿದ್ದಾವ. ಬುಟ್ಟಿ ಬಾಯಿ ಕಟ್ಟೂ ಮುಂದ ಅಡ್ಡಾದಿಡ್ಡಿ ಹಾಕ್ತೀರಿಲ್ಲೊ? ಇದಕ್ಕ ಯಾಕ ಹಾಕಬಾರದು?"

ಭರಮುವಿಗೆ ಮೈ ಉರಿಯಿತು. ಅವಳ ಮೇಲಲ್ಲ, ಇಷ್ಟು ದಿನ ಅದು ತನಗೆ ಹೊಳೆಯಲಿಲ್ಲವಲ್ಲ ಎಂದು.

ಪೆಡಲು ಕೂರುವ ಕಬ್ಬಿಣದ ಕೊಳವೆಯನ್ನು ಹಳೆಯ ಫ್ರೇಮಿನಿಂದ ಕೊಯ್ಯಿಸಿ ತಂದ. ಒಲೆಯ ಮೇಲೆ ಐದು ತಿಂಗಳು ಹೊಗೆಯಲ್ಲಿ ಒಣಗಿಸಿದ ಬಿದಿರನ್ನು ಅದಕ್ಕೆ ಕೂರಿಸಿದ. ನಿಪ್ಪಾಣಿಯಿಂದ ತಂದ ಗಟ್ಟಿ ಅಂಟಿನಲ್ಲಿ ಸೆಣಬಿನಂಥ ಪುಂಡಿ ನಾರು ತೋಯಿಸಿ ಗಂಡಹೆಂಡಿರು ಅಡ್ಡಾದಿಡ್ಡಿ ಸುತ್ತಿದರು. ಅವಳು ಎಳೆದು ಹಿಡಿದಳು, ಅವನು ಸುತ್ತಿದ. ಅಂಟು ಮೆತ್ತಿದ ಬೆರಳುಗಳ ಚರ್ಮ ಸುಲಿಯಿತು. "ಇದೂ ಮುರೀತಂದ್ರ ನಡಕೊಂಡ ಹೋಗ್ತೀನಿ" ಎಂದು ಗೊಣಗಿದ.

೧೯೯೧ರ ದ್ರಾಕ್ಷಿ ಸುಗ್ಗಿಯಲ್ಲಿ ಆ ಸೈಕಲ್ಲಿನ ಮೇಲೆ ಬುಟ್ಟಿ ಹೇರಿಕೊಂಡು ಕಾಗವಾಡ ಮುಟ್ಟಿದ. ಇಳಿಜಾರಿನಲ್ಲಿ ಹಿಂದಿನ ಚಕ್ರ ಅತ್ತಿತ್ತ ತೂರಾಡಿ ಅವನ ಜೀವ ಬಾಯಿಗೆ ಬಂದಿತ್ತು. ಆದರೆ ಫ್ರೇಮು ಮುರಿಯಲಿಲ್ಲ.

ದ್ರಾಕ್ಷಿ ತೋಟದ ಬಾಳಾಸಾಬ ಅದನ್ನು ಸುತ್ತು ಹಾಕಿ ನೋಡಿದ. "ನನಗೂ ಇಂಥಾದ ಒಂದ ಮಾಡಿಕೊಡೋ ಭರಮು."

ಭರಮು ಕೈಮುಗಿದ. "ಬುಟ್ಟಿ ಎಷ್ಟ ಬೇಕಂದ್ರೂ ಕೊಡ್ತೀನ್ರಿ ಸಾವಕಾರ್ರ. ಇದನ್ನಷ್ಟ ಕೇಳಬ್ಯಾಡ್ರಿ!"