ದ್ರೌಪದಿ ಕಟ್ಟಿದ ಗಂಟು

ಖಾರಘರದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ದ್ರೌಪದಿಯದು ಕೊಲ್ಲುವ ಕೆಲಸ. ಕತ್ತರಿ, ಇಕ್ಕಳ, ನಿಲುವಂಗಿಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹಬೆಯ ಯಂತ್ರಕ್ಕೆ ತುಂಬಿ, ಕಣ್ಣಿಗೆ ಕಾಣದ ಕ್ರಿಮಿಗಳಲ್ಲಿ ಒಂದೂ ಉಳಿಯದಂತೆ ನೋಡಿಕೊಳ್ಳಬೇಕು. ಸತ್ತವೋ ಇಲ್ಲವೋ ಎಂದು ಯಂತ್ರದ ಮಾತನ್ನೇ ನಂಬುವಂತಿಲ್ಲ. ಅದಕ್ಕೇ ದೊಡ್ಡ ಗಂಟಿನ ನಡುವೆ ನೇರಳೆ ದ್ರವದ ಪುಟ್ಟ ಶೀಶೆ ಇಡುತ್ತಾರೆ. ಅದರೊಳಗೆ ಬೇಕೆಂದೇ ಹಾಕಿದ, ಸುಲಭಕ್ಕೆ ಸಾಯದ ಲಕ್ಷಾಂತರ ಜೀವಾಣುಗಳಿರುತ್ತವೆ. ಆಪರೇಷನ್ ಥಿಯೇಟರಿನಲ್ಲಿ ಗಂಟು ಬಿಚ್ಚಿದ ಮೇಲೆ ಶೀಶೆ ಅವಳ ಕೈಗೆ ವಾಪಸು. ಬೆಚ್ಚಗಿಟ್ಟರೆ ಮರುದಿನ ಅದು ನೇರಳೆಯಾಗಿಯೇ ಇರಬೇಕು. ಹಳದಿಯಾದರೆ ಒಳಗೆ ಜೀವ ಉಳಿದಿದೆ ಎಂದರ್ಥ.

ಬಳಸಿದ ಮೇಲೆ ಉತ್ತರ ಬರುವ ಈ ಏರ್ಪಾಡು ಯಾವ ಬುದ್ಧಿವಂತನದೋ! ಆದರೆ ಹೆರಿಗೆ ನೋವು ಒಂದು ದಿನ ಕಾಯುವುದಿಲ್ಲವಲ್ಲ.

ದ್ರೌಪದಿ ವಿಜಯಪುರದ ಕಡೆಯವಳು. ಗಂಡ ಬದುಕಿದ್ದಾಗ ರಬಾಳೆಯ ಕಾರ್ಖಾನೆಗೆ ಅವನ ರೊಟ್ಟಿ ಗಂಟನ್ನು ಬಿಗಿದು ಕಟ್ಟುತ್ತಿದ್ದಳು. ಬಿಗಿದಷ್ಟೂ ಬಿಸಿ ಆರುವುದಿಲ್ಲ. ಆಸ್ಪತ್ರೆಗೆ ಬಂದ ಮೇಲೆ ಆ ಕೈಯನ್ನು ತಿದ್ದಿಕೊಂಡಿದ್ದಳು. ಇಲ್ಲಿ ಗಂಟು ಸಡಿಲವಿದ್ದರೇ ಹಬೆ ಒಳಗೆ ಹೋಗುವುದು.

ಸೊಸೆ ಜ್ಯೋತಿಯ ಹೊಟ್ಟೆ ಕೊಯ್ದು ಮಗು ತೆಗೆಯಬೇಕೆಂದು ಗೊತ್ತಾದ ದಿನ, ದ್ರೌಪದಿ ಆ ಆಪರೇಷನ್ನಿನ ಗಂಟನ್ನು ಬೇರೆಯವರ ಕೈಗೆ ಕೊಡಲಿಲ್ಲ. ಇರಲಿ ಎಂದು ಎರಡು ಬಟ್ಟೆ ಹೆಚ್ಚಿಗೆ ಸುತ್ತಿದಳು. ಗಾಳಿಯೂ ಸೋಕದಂತೆ ಎಳೆದು ಕಟ್ಟಿದಳು. ಸಂಜೆಗೆ ಮೊಮ್ಮಗಳು ಹುಟ್ಟಿದಳು. ವಾರ್ಡಿಗೆಲ್ಲ ಪೇಢೆ ಹಂಚಿದ್ದೂ ಆಯಿತು.

ಮರುದಿನ ಶೀಶೆ ಹಳದಿ.

ದ್ರೌಪದಿ ಕಣ್ಣುಜ್ಜಿ ಮತ್ತೆ ನೋಡಿದಳು, ಹಳದಿಯೇ. ಸೂಪರ್‌ವೈಸರ್ ಲತೀಶ್ ಉಡುಪಿ ಕಡೆಯವನು, ಕೆಟ್ಟವನೇನಲ್ಲ. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದ, "ಹಬೆ ತಾಗಿ ಗಂಟಿನ ಮೇಲಿನ ಟೇಪ್ ಕಪ್ಪಾಗಿತ್ತಲ್ಲ ಮಾರಾಯ್ರೆ, ಅಷ್ಟು ಸಾಕು. ರಿಪೋರ್ಟ್ ಮಾಡಿದ್ರೆ ನಿಮ್ಮ ನೌಕರಿಯೇ ಹೋಗ್ತದೆ. ಸೊಸೆ ಆರಾಮ ಇದ್ದಾರಲ್ಲ?"

"ಆರಾಮ ಅದಾಳಂತ ನೀವು ಅಂತೀರಿ ಸಾಹೇಬ್ರ. ಈ ಶೀಶೆ ಹಂಗ ಅನ್ನವಲ್ದು."

ಶೀಶೆಯನ್ನು ಮುಷ್ಟಿಯಲ್ಲಿ ಹಿಡಿದು ಅವಳು ನೇರ ಡಾಕ್ಟರ ಮುಂದೆ ಹೋಗಿ ನಿಂತಳು. ನಾನೇ ಕಟ್ಟಿದ್ದು, ಬಿಗಿಯಾಯಿತು ಎಂದಳು. ಡಾಕ್ಟರ್ ಬೈಯುವಷ್ಟು ಬೈದು ಆಗಲೇ ಜ್ಯೋತಿಯ ಔಷಧ ಬದಲಿಸಿದರು. ಜ್ವರ ಬಂದೇ ಬಂತು. ಹೊಲಿಗೆ ಬಿಚ್ಚಿ ಕೀವು ತೆಗೆಯಬೇಕಾಯಿತು. ಜ್ಯೋತಿ ನರಳಿದಾಗಲೆಲ್ಲ ದ್ರೌಪದಿ ಎದ್ದು ಅವಳ ಹಣೆ ಮುಟ್ಟಿ ನೋಡುತ್ತಿದ್ದಳು. ಮೊದಲೇ ಗೊತ್ತಾದ್ದರಿಂದ ಜೀವ ಉಳಿಯಿತು ಎಂದು ಡಾಕ್ಟರ್ ಹೇಳಿದರೂ ಆ ಮಾತು ದ್ರೌಪದಿಗೆ ಸಮಾಧಾನ ಕೊಡಲಿಲ್ಲ. ಅವಳ ನೌಕರಿ ಹೋಗಿತ್ತು, ಅದರ ನೆನಪೂ ಅವಳಿಗಿರಲಿಲ್ಲ.

ಜ್ವರ ಇಳಿದ ದಿನ ಜ್ಯೋತಿ ಗೋಡೆಯ ಕಡೆಯಿಂದ ಮುಖ ತಿರುಗಿಸಿದಳು.

"ಡಾಕ್ಟರ್ ಎಲ್ಲಾ ಹೇಳ್ಯಾರ. ಸಡ್ಲ ಕಟ್ಟಬೇಕಂತ ನಿಮಗ ಗೊತ್ತಿತ್ತಲ್ಲ ಅತ್ತಿ, ಮತ್ತ್ಯಾಕ ಅಷ್ಟು ಬಿಗಿದ್ರಿ?"

ದ್ರೌಪದಿ ಅವಳ ಹೊದಿಕೆಯನ್ನು ಸರಿಪಡಿಸಿದಳು.

"ನಿಂದು ಅಂತ, ಯವ್ವಾ," ಎಂದಳು. "ಉಳದವ್ರದೆಲ್ಲ ಸಡ್ಲನ ಕಟ್ಟಿದ್ದೆ."